ತೋಟದವನ ಪಾರ್ಟು

ಯೇಸು ಸತ್ತು ಎದ್ದುಬಂದ ಪಾಸ್ಕ ಹಬ್ಬಕ್ಕೆ ಇನ್ನು ಹತ್ತೇ ದಿನ. ಕನಕಪುರದ ಆಚೆ, ಹಿಪ್ಪುನೇರಳೆ ಹೊಲಗಳ ನಡುವಿನ ಪುಟ್ಟ ಚರ್ಚಿನ ಅಂಗಳದಲ್ಲಿ ಹಬ್ಬದ ನಾಟಕದ ತಾಲೀಮು ನಡೆಯುತ್ತಿತ್ತು. ಇಪ್ಪತ್ತಾರು ವರ್ಷದಿಂದ ಆ ಚರ್ಚಿನ ತೋಟ ನೋಡಿಕೊಳ್ಳುತ್ತಿದ್ದ ಚೌರಪ್ಪ, ಮುಚ್ಚಳಕ್ಕೆ ತೂತು ಹೊಡೆದ ಎಣ್ಣೆ ಕ್ಯಾನಿನಿಂದ ದವನದ ಪಾತಿಗೆ ನೀರು ಹನಿಸುತ್ತ, ಒಂದು ಕಣ್ಣು ಗಿಡದ ಮೇಲೆ, ಇನ್ನೊಂದು ನಾಟಕದ ಮೇಲೆ ಇಟ್ಟಿದ್ದ.

ಯೇಸುವಿನ ಪಾತ್ರ ಅರುಳ್‌ರಾಜನದು. ಆರಡಿ ಎತ್ತರ, ಜಿಮ್ಮಿನ ಮೈ, ರಾಮನಗರದಿಂದ ತರಿಸಿದ ಬಿಳಿ ರೇಷ್ಮೆಯ ನಿಲುವಂಗಿ. ಯೇಸುವಿನ ಶಿಷ್ಯೆ ಮಗ್ದಲದ ಮರಿಯಾಳ ಪಾತ್ರಕ್ಕೆ ಭಾನುಪ್ರಿಯ, ಗಾರ್ಮೆಂಟ್ಸ್ ಬಸ್ಸಿನಿಂದ ಇಳಿದು ನೇರವಾಗಿ ಬಂದವಳು. ಯೇಸುವಿನ ದೇಹ ಕಾಣದೆ ಬರಿದಾದ ಸಮಾಧಿಯ ಮುಂದೆ ಅಳುತ್ತ ನಿಂತ ಮರಿಯಾ ತಿರುಗಿ ಯೇಸುವನ್ನು ನೋಡಬೇಕು, ಗುರುತು ಸಿಗದೆ ತೋಟದವನೆಂದುಕೊಂಡು ಮಾತಾಡಬೇಕು. ಭಾನುಪ್ರಿಯ ತಿರುಗಿದಳು, ನೋಡಿದಳು, ಕಿಸಕ್ಕನೆ ನಕ್ಕುಬಿಟ್ಟಳು.

"ಟೀಚರ್, ಇವ್ನನ್ನ ನೋಡಿ ತೋಟದೋನು ಅಂತ ಯಾರು ಅನ್ಕತಾರೆ? ಮದ್ವೆ ಗಂಡು ಇದ್ದಂಗವ್ನೆ!"

ನಾಟಕ ಆಡಿಸುತ್ತಿದ್ದ ಲತಾಮಣಿ ಟೀಚರಿಗೂ ನಗು ತಡೆಯಲಾಗಲಿಲ್ಲ. "ಅದೇ ನನಗೂ ಅರ್ಥ ಆಗಿಲ್ಲ ಕಣೇ. ಸ್ವಾಮಿಯನ್ನ ಅಷ್ಟು ಹತ್ತಿರದಿಂದ ಬಲ್ಲೋಳು, ತೋಟದೋನು ಅಂತ ಯಾಕೆ ಅನ್ಕೊಂಡ್ಳೋ!"

ಚೌರಪ್ಪನ ಕೈಯಲ್ಲಿದ್ದ ಕ್ಯಾನು ಓರೆಯಾಗಿ ನೀರೆಲ್ಲ ಅವನ ಕಾಲ ಮೇಲೇ ಸುರಿಯಿತು. ಈ ಕಥೆ ಅವನು ಕೇಳದ್ದೇನಲ್ಲ. ಆದರೆ 'ತೋಟದವನು' ಎಂಬ ಮಾತು ಇಷ್ಟು ವರ್ಷ ಅವನ ಕಿವಿಯ ಪಕ್ಕದಲ್ಲೇ ಹಾದುಹೋಗಿತ್ತು.

"ಟೀಚರಮ್ಮ, ಸಮಾಧಿ ಇದ್ದದ್ದು ತೋಟದೊಳಗಾ?"

"ಹೌದು ಚೌರಪ್ಪಣ್ಣ, ತೋಟದಲ್ಲೇ."

ಅವನು ಕ್ಯಾನು ಹಿಡಿದೇ ಓಡಿಬಂದ. "ಅಂಗಾರೆ ಕೇಳಿ. ಶುಕ್ರವಾರ ಮಣ್ಣು ಮಾಡಿದ್ರು. ಶನಿವಾರ ಅವ್ರಿಗೆ ಸಬ್ಬತ್ತು, ಯಾರೂ ಕೆಲ್ಸ ಮಾಡಂಗಿಲ್ಲ. ಅಂದ್ರೆ ತೋಟಕ್ಕೆ ನೀರಿಲ್ಲ! ಭಾನುವಾರ ಬೆಳಗಾನ ಸ್ವಾಮಿ ಎದ್ದು ಈಚೆಗೆ ಬತ್ತಾರೆ. ಎದುರ್ಗೆ ಗಿಡ ಎಲ್ಲ ತಲೆ ಬಗ್ಗಿಸ್ಕಂಡು ನಿಂತವೆ. ನೋಡ್ಕಂಡು ಸುಮ್ಕೆ ಹೋಗ್ಬುಟ್ಟಾರಾ? ಒಸಿ ನೀರು ಹಾಕಿರ್ತಾರೆ, ಕೈಯೆಲ್ಲ ಮಣ್ಣಾಗಿರ್ತದೆ. ಅದ್ಕೇ ಕಣ್ರಮ್ಮ ಆ ತಾಯಿ ಅಂಗಂದ್ಕಂಡವ್ಳೆ!"

ಬೈಬಲ್ಲಿನಲ್ಲಿ ಹಾಗೇನೂ ಬರೆದಿಲ್ಲ ಎಂದು ಟೀಚರಿಗೆ ಗೊತ್ತಿತ್ತು. ಆದರೂ ಮೈ ಜುಮ್ಮೆಂದಿತು. "ಚೌರಪ್ಪಣ್ಣ, ಆ ಸೀನು ನೀವೇ ಮಾಡ್ಬೇಕು."

"ನಾನಾ!"

ಅರುಳ್‌ರಾಜ ಆಗಲೇ ನಿಲುವಂಗಿಯನ್ನು ತಲೆಯ ಮೇಲಿಂದ ಎಳೆಯುತ್ತಿದ್ದ. "ಸರಿಯಾಗೇ ಹೇಳವ್ರೆ. ಶಿಲುಬೆ ಮೇಲ್ಗಂಟ ನಾನು, ಎದ್ದು ಬಂದ್ಮೇಲೆ ನೀವು. ಗುರ್ತು ಸಿಗ್ನಿಲ್ಲ ಅಂತ ಬರ್ದೇ ಐತಲ್ಲ ಮಾವ!"

ಮನೆಯಲ್ಲಿ ಹೆಂಡತಿ ಲೂರ್ದಮ್ಮ ಮುದ್ದೆ ಕಟ್ಟುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. "ಯೇಸುಸ್ವಾಮಿ ಪಾರ್ಟಾ? ನೀನಾ? ನಲವತ್ತು ದಿನದ ಉಪಾಸ ಅಂತ ಬೀಡಿ ಬುಟ್ಟು, ಹಬ್ಬ ಕಳೀಲಿ, ಸೇದ್ತೀನಿ ಅಂತ ದಿನ ಎಣಿಸ್ತಿದ್ದೋನು!"

"ಇನ್ನು ಸೇದಕಿಲ್ಲ ಕಣೆ," ಎಂದ ಚೌರಪ್ಪ. ಅಂದದ್ದು ಕೇಳಿ ಅವನಿಗೇ ಆಶ್ಚರ್ಯವಾಯಿತು.

ಅವನಿಗಿದ್ದದ್ದು ಒಂದೇ ಮಾತು: 'ಮರಿಯಾ'. ಆ ಕರೆ ಕೇಳಿಯೇ ಅವಳಿಗೆ ಗುರುತು ಸಿಗಬೇಕು. ಕಳೆ ಕೀಳುವಾಗ ಅಂದ, ಪಾತಿ ಮಾಡುವಾಗ ಅಂದ, ದಾಸವಾಳಕ್ಕೂ ಕನಕಾಂಬರಕ್ಕೂ ಅಂದು ನೋಡಿದ. ದೊಡ್ಡದಾಗಿ ಅಂದರೆ ಬಸ್ಸು ನಿಲ್ಲಿಸಿದ ಹಾಗೆ ಕೇಳಿಸುತ್ತಿತ್ತು, ಮೆಲ್ಲಗೆ ಅಂದರೆ ಗುಟ್ಟು ಹೇಳಿದ ಹಾಗೆ. ರೇಷ್ಮೆಹುಳದ ಕಸದ ಗೊಬ್ಬರವನ್ನು ಲಗೇಜ್ ಆಟೋದಲ್ಲಿ ತಂದ ವಹಾಬ್ ಬೇಲಿಯಾಚೆಯಿಂದಲೇ ಕೂಗಿದ: "ಏನ್ ಚೌರಪ್ಪ, ಯಾವ ಹಸು ತಪ್ಪಿಸ್ಕಂಡ್ತು?"

ಪವಿತ್ರ ಗುರುವಾರ ಸಂಜೆ ದವನ, ಸುಗಂಧರಾಜ, ಕನಕಾಂಬರದ ಹದಿನಾಲ್ಕು ಕುಂಡಗಳನ್ನು ಚೌರಪ್ಪ ಒಂದೊಂದಾಗಿ ಹೊತ್ತು ತಂದು ರಂಗದ ಮೇಲೆ ತೋಟ ಕಟ್ಟಿದ. ಶುಕ್ರವಾರ ಶಿಲುಬೆ ಹಾದಿ, ಶನಿವಾರ ಜಾಗರಣೆಯ ಸಿದ್ಧತೆ. ಊರಿಗೆ ಊರೇ ಚರ್ಚಿನೊಳಗಿತ್ತು.

ಭಾನುವಾರ ಬೆಳಗಿನ ಪೂಜೆ ಮುಗಿದದ್ದೇ ಜನ ಶಾಮಿಯಾನದ ಕೆಳಗೆ ಕಿಕ್ಕಿರಿದರು. ಮಾಗಡಿ ಕಡೆಯ ನೆಂಟರು, ಚನ್ನಪಟ್ಟಣದ ಸಿಸ್ಟರುಗಳು, ಬಣ್ಣದ ಗೊಂಬೆ ಹಿಡಿದ ಮಕ್ಕಳು. ಪರದೆಯ ಹಿಂದೆ ಚೌರಪ್ಪ ತನ್ನ ಒಂದೇ ಮಾತನ್ನು ಮತ್ತೆ ಮತ್ತೆ ಗೊಣಗಿಕೊಳ್ಳುತ್ತಿದ್ದ. ತನ್ನದೇ ಪಂಚೆ, ತನ್ನದೇ ಅಂಗಿ, ಕೈಯಲ್ಲಿ ತನ್ನದೇ ಕ್ಯಾನು. ಅಭ್ಯಾಸಬಲದಿಂದ ಅದರಲ್ಲಿ ನೀರನ್ನೂ ತುಂಬಿಕೊಂಡಿದ್ದ.

ರಂಗದ ಮೇಲೆ ಕಾಲಿಟ್ಟವನು ಕುಂಡಗಳನ್ನು ನೋಡಿ ನಿಂತುಬಿಟ್ಟ. ಏಪ್ರಿಲ್ಲಿನ ಬಿಸಿಲಿಗೆ ಶಾಮಿಯಾನದ ಕಾವು ಸೇರಿ ಹದಿನಾಲ್ಕೂ ಸೊರಗಿದ್ದವು. ದವನವಂತೂ ಕುಂಡದ ಅಂಚಿಗೆ ತಲೆ ಹಾಕಿ ಮಲಗಿತ್ತು. ಒಂದು ಮಾತನ್ನು ಬಾಯಿಪಾಠ ಮಾಡುವ ಭರದಲ್ಲಿ ನೀರು ಹಾಕುವುದನ್ನೇ ಮರೆತಿದ್ದ!

ಅವನ ಪಾಲಿಗೆ ಇನ್ನು ಜನವೂ ಇಲ್ಲ, ನಾಟಕವೂ ಇಲ್ಲ. ಚೌರಪ್ಪ ಮಂಡಿಯೂರಿದ. ಬೆರಳಿನಿಂದ ಮಣ್ಣು ಸಡಿಲಿಸಿ ಒಂದು ಕುಂಡಕ್ಕೆ ಹನಿಸಿದ, ಮುಂದಿನದಕ್ಕೆ ಸರಿದ.

ಹಿಂದಿನಿಂದ ಭಾನುಪ್ರಿಯ ತನ್ನ ಮಾತು ಹೇಳಿದಳು. ಅವನು ಮೂರನೆಯ ಕುಂಡಕ್ಕೆ ಸರಿದ. ಮತ್ತೆ ಹೇಳಿದಳು. "ಚೌರಪ್ಪಣ್ಣ, ಮಾತು, ಮಾತು!" ಎಂದು ಪಕ್ಕದ ಪರದೆಯಿಂದ ಟೀಚರು ಪಿಸುಗುಟ್ಟಿದರು. ಅವನಿಗೆ ಕೇಳಿಸಲಿಲ್ಲ. ಇದು ನಾಟಕದಲ್ಲಿ ಇಲ್ಲದ್ದು ಎಂದು ಜನಕ್ಕೇನು ಗೊತ್ತು? ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಭಾನುಪ್ರಿಯಳಿಗೆ ಗಾಬರಿಯಾಯಿತು. ಕಣ್ಣಲ್ಲಿ ನಿಜವಾಗಿಯೇ ನೀರು ಬಂತು. ಬಾಯಿಪಾಠ ಮಾಡಿದ ಪುಸ್ತಕದ ಮಾತು ಮರೆತೇಹೋಯಿತು. "ಅಯ್ಯಾ, ನೀವೇನಾರ ಅವ್ರನ್ನ ಎತ್ಕಂಡೋಗಿದ್ರೆ ಎಲ್ಲಿಟ್ಟಿದ್ದೀರಿ ಹೇಳಿ. ನಾನು ಹೋಗಿ ಕರ್ಕಬತ್ತೀನಿ!"

ಆ ಅಳು ಚೌರಪ್ಪನಿಗೆ ಕೇಳಿಸಿತು. ಕೆಸರುಗೈಯಲ್ಲೇ ತಿರುಗಿದ. ಹತ್ತು ದಿನ ತಿದ್ದಿದ ದನಿ ಯಾವುದೂ ನೆನಪಿಗೆ ಬರಲಿಲ್ಲ. ಹಿತ್ತಲಲ್ಲಿ ಒಂಟಿಯಾಗಿ ಅಳುತ್ತ ಕೂತ ಮಗುವನ್ನು ಹುಡುಕಿಕೊಂಡು ಬಂದವರು ಕರೆಯುವ ಹಾಗೆ ಕರೆದ.

"ಮರಿಯಾ."

ಭಾನುಪ್ರಿಯ ಕುಸಿದು ಕೂತು ಬಿಕ್ಕಿದಳು. ಮುಂದಿನ ಸಾಲಿನಲ್ಲಿ ಲೂರ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಬಿತ್ತು ನೋಡಿ ಚಪ್ಪಾಳೆ! ಶಿಲುಬೆಯ ದೃಶ್ಯಕ್ಕೆ ಮೈಗೆ ಬಳಿದ ಕೆಂಪು ಬಣ್ಣವನ್ನೂ ತೊಳೆಯದೆ ನಿಂತಿದ್ದ ಅರುಳ್‌ರಾಜ ಎರಡು ಬೆರಳಿಟ್ಟು ಸಿಳ್ಳೆ ಹೊಡೆದ. ಎದುರಿಗೇ ಫಾದರ್ ಇದ್ದರು, ಅವರೂ ಬೈಯಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ವೇಷದ ಬಟ್ಟೆ ಒಯ್ಯಲು ಬಂದ ಲತಾಮಣಿ ಟೀಚರಿಗೆ ಚರ್ಚಿನ ಹಿಂದಿನಿಂದ ಗುದ್ದಲಿಯ ಸದ್ದು ಕೇಳಿಸಿತು. ಹೋಗಿ ನೋಡಿದರೆ ಸಮಾಧಿಗಳ ನಡುವಿನ ಬೋಳು ನೆಲವನ್ನು ಚೌರಪ್ಪ ಅಗೆಯುತ್ತಿದ್ದಾನೆ.

"ಇವತ್ತು ನಿಮಗೆ ರಜ ಅಲ್ವಾ?"

ಚೌರಪ್ಪ ಬೆವರು ಒರೆಸಿಕೊಂಡ. ಮುಖ ಹೊಳೆಯುತ್ತಿತ್ತು. "ಇಪ್ಪತ್ತಾರು ವರ್ಸ ಈ ತೋಟದಾಗೆ ನಾನೊಬ್ನೇ ಗೇಯ್ತಾ ಇವ್ನಿ ಅಂತಿದ್ದೆ ಟೀಚರಮ್ಮ. ನನ್ಗಿಂತ ಮುಂಚೆ ಸ್ವಾಮಿ ಎದ್ದು ಬಂದು ನಿಂತವ್ರೆ! ಇಲ್ಲಿ ನಮ್ಮೋರು ಮಲಗವ್ರಲ್ಲ, ಅವ್ರೂ ಒಂದಿನ ಏಳೋರೇ. ಕಣ್ಣು ಬುಟ್ಟಾಗ ಎದುರ್ಗೆ ಹೂವ ಇರಬೇಡ್ವಾ?"

ಟೀಚರು ಸೆರಗು ಸಿಕ್ಕಿಸಿಕೊಂಡು ಗೊಬ್ಬರದ ಮಂಕರಿಗೆ ಕೈ ಹಾಕಿದರು. "ಏನು ನೆಡೋಣ?"

"ಸುಗಂಧರಾಜ. ಬೇಗ ಬನ್ನಿ ಬೇಗ, ಯಾವಾಗ ಎದ್ಬುಟ್ಟಾರೋ ಏನೋ!"