ಕೊರಳಲ್ಲಿದ್ದ ಕೇಬಲ್

ಕಾಲರ್ ಹರಿದು ಕೈಗೆ ಬಂದರೂ ಅವಳು ಅವನನ್ನು ಬಿಡಲಿಲ್ಲ. ಜೆರಾಕ್ಸ್ ಅಂಗಡಿಯ ಮಾಲೀಕನನ್ನು ಗೋಡೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬಾರಿಸುತ್ತಲೇ ಇದ್ದಳು. ಎರಡು ಮಾರು ದೂರದಲ್ಲಿ, ಮನೆಯ ಪಡಸಾಲೆಯಲ್ಲೇ, ಅವಳ ಗಂಡನ ಹೆಣ ಬಿಳಿ ಬಟ್ಟೆ ಹೊದ್ದು ಮಲಗಿತ್ತು.

ಅವಳ ಅಣ್ಣ ಓಡಿಬಂದು ರಟ್ಟೆ ಹಿಡಿದೆಳೆದ. ವ್ಯಾನು ಬಂದಿದೆ, ಹೆಣ ಎತ್ತಬೇಕು, ಜನ ನೋಡುತ್ತಿದ್ದಾರೆ ಎಂದ. ನೋಡಲಿ ಎಂದಳು. ಮಾಲೀಕ ಬೆಳಗಿನಿಂದ ಬಂದವರಿಗೆಲ್ಲ ಒಂದೇ ರಾಗ ಹಾಡಿದ್ದ: ಪಾಪ, ಒಳ್ಳೆ ಕೆಲಸಗಾರ, ಆದರೆ ಅವಸರ, ಪ್ಲಗ್ ಕೀಳದೆ ಪ್ರಿಂಟರಿಗೆ ಕೈ ಹಾಕಿಬಿಟ್ಟ. ಕೇಳಿದವರು ಲೊಚಗುಟ್ಟಿದ್ದರು. ಗಂಡ ಸತ್ತದ್ದೇ ಸಾಲದೆ, ಅವನನ್ನು ಊರೆದುರು ಪೆದ್ದನನ್ನಾಗಿ ಮಾಡಿ ಕಳಿಸುತ್ತಿದ್ದಾನಲ್ಲ ಎಂದು ಅವಳ ಮೈಯೆಲ್ಲ ಉರಿದುಹೋಗಿತ್ತು.

ಪ್ರಿಂಟರ್ ರಿಪೇರಿ ಕಸುಬಿನವರು ಅವಳ ಗಂಡನನ್ನು ಪ್ಲಗ್ಗಪ್ಪ ಎಂದೇ ಕರೆಯುತ್ತಿದ್ದರು. ಮೆಷಿನ್ ಬಿಚ್ಚುವ ಮುಂಚೆ ಕರೆಂಟಿನ ಕೇಬಲ್ಲನ್ನು ಗೋಡೆಯಿಂದಲೂ ಮೆಷಿನ್ನಿನಿಂದಲೂ ಕಿತ್ತು ಕೊರಳಿಗೆ ಸುತ್ತಿಕೊಳ್ಳುತ್ತಿದ್ದ. ಹಾಗೇ ಮರೆತು ಬಸ್ಸು ಹತ್ತಿ ನಗೆಪಾಟಲಾದದ್ದೂ ಉಂಟು.

*

ಆ ಅಭ್ಯಾಸ ಅಂಟಿದ್ದು ಅವಳಿಂದಲೇ. ಮದುವೆಯಾದ ಹೊಸತು. ಅವನು ಮನೆಯಲ್ಲೇ ಒಂದು ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದ. ನೆಲದ ಮೇಲಿದ್ದ ಪ್ಲಗ್ ಕಂಡು, ಕಳಚಿ ಬಿದ್ದಿರಬೇಕೆಂದು ಅವಳು ಒಳ್ಳೆ ಮನಸ್ಸಿನಿಂದಲೇ ಸಿಕ್ಕಿಸಿದಳು. ಅವನು ಚೀರಿ ಹಿಂದಕ್ಕೆ ಚಿಮ್ಮಿ ಗೋಡೆಗೆ ಅಪ್ಪಳಿಸಿದ. ಉಸಿರು ಬಂದ ಮೇಲೆ ಯಾರು ಹಾಕಿದ್ದು ಎಂದ. ನಾನೇ ಎಂದಳು. ಎದ್ದವನೇ ಕೆನ್ನೆಗೆ ಬಿಟ್ಟ. ಆ ಕಿವಿ ಇವತ್ತಿಗೂ ಸರಿಯಾಗಿ ಕೇಳಿಸುವುದಿಲ್ಲ.

ಹೊಡೆದ ಮೇಲೆ ಅವನೇ ಮೂಲೆಯಲ್ಲಿ ಕೂತು ಗಡಗಡ ನಡುಗಿದ. ಆ ಏಟಿಗೆ ಅವನು ಎಂದೂ ಕ್ಷಮೆ ಕೇಳಲಿಲ್ಲ, ಅವಳೂ ಅದನ್ನು ಮರೆಯಲಿಲ್ಲ. ಮರುದಿನದಿಂದ ಕೇಬಲ್ ಮಾತ್ರ ಅವನ ಕೊರಳಿಗೆ ಬಂತು.

*

ಅಣ್ಣನಿಂದ ಬಿಡಿಸಿಕೊಂಡವಳು, ಆಸ್ಪತ್ರೆಯವರು ಕೊಟ್ಟಿದ್ದ ಬಟ್ಟೆಯ ಗಂಟನ್ನು ಎಲ್ಲರೆದುರು ನೆಲಕ್ಕೆ ಸುರಿದಳು. ಅಂಗಿಯ ಮಡಿಕೆಯಿಂದ ಕಪ್ಪು ಕೇಬಲ್ ಬಿತ್ತು.

"ಇದು ಅವ್ರ ಕುತ್ತಿಗೇಲೇ ಇತ್ತು ಅಂತ ನರ್ಸ್ ಹೇಳಿದ್ಲು. ಕೇಬಲ್ಲೇ ಇಲ್ದಿರೋ ಮೆಷಿನ್ನಿಗೆ ಕರೆಂಟ್ ಎಲ್ಲಿಂದ ಬಂತು?"

ಮಾಲೀಕ ಬಾಗಿಲ ಕಡೆ ಸರಿದ. ಅಷ್ಟು ಹೊತ್ತು ತಂಗಿಯನ್ನು ತಡೆಯುತ್ತಿದ್ದ ಅಣ್ಣ ಈಗ ತಾನೇ ಹೋಗಿ ಅವನ ಮುಖಕ್ಕೆ ಗುದ್ದಿದ. ಮೂಗಿನಿಂದ ರಕ್ತ ಬಳಬಳ ಸುರಿಯಿತು. ಇನ್ನೊಂದು ಗುದ್ದಿಗೆ ಮಾಲೀಕ ನೆಲಕ್ಕೆ ಬಿದ್ದು ಬಾಯಿಬಿಟ್ಟ.

"ಗಿರಾಕಿಗಳು ಗಲಾಟೆ ಮಾಡ್ತಿದ್ರು ಅಕ್ಕಾ. ಮೆಷಿನ್ನಲ್ಲಿ ಕೇಬಲ್ ಇರ್ಲಿಲ್ಲ, ಕಂಪ್ಯೂಟರಿಂದು ಕಿತ್ತು ಹಾಕ್ದೆ. ಎರಡಕ್ಕೂ ಅದೇ ಆಗುತ್ತಲ್ಲ. ಅವ್ರು ಆ ಕಡೆ ಬಗ್ಗಿ ಕೈ ಹಾಕಿದ್ದು ಕಾಣ್ಲಿಲ್ಲ."

ಅಣ್ಣ ಕುರ್ಚಿ ಎತ್ತಿದ. ಅವಳು ಅಡ್ಡ ಬಂದಳು. ಕನಿಕರದಿಂದೇನೂ ಅಲ್ಲ.

"ಪ್ಲಗ್ ನಾನೂ ಒಂದ್ಸಲ ಹಾಕಿದ್ದೆ. ನಾನೇ ಅಂತ ಹೇಳಿ ಏಟು ತಿಂದೆ. ನೀನು ಸತ್ತೋರ ತಲೆಗೆ ಕಟ್ಟಿದೆ. ಏಳು, ತಲೆ ಕಡೆ ನೀನೇ ಹಿಡಿ."

ರಕ್ತ ಒರೆಸಿಕೊಳ್ಳುತ್ತ ಅವನು ಬಗ್ಗಿದ. ಉಳಿದವರು ಕಾಲ ಕಡೆ ನಿಂತರು. ಎತ್ತಲು ಕೈ ಹಾಕಿದಾಗ ಬಟ್ಟೆ ಸರಿದು ಹೆಣದ ಬಲಗೈ ಹೊರಗೆ ಜಾರಿತು. ಸುಟ್ಟು ಕಪ್ಪಾಗಿದ್ದ ಬೆರಳುಗಳು ಅವನ ಮಣಿಕಟ್ಟಿಗೆ ತಗುಲಿದವು. ಅವನು ಕಿರುಚಿ ಹಿಂದಕ್ಕೆ ಹಾರಿದ.

"ಮುಟ್ಟು," ಎಂದಳು. "ಈಗ ಕರೆಂಟ್ ಇಲ್ಲ."

ಅವನ ಕೈ ಎಳೆದು ಆ ಕರಿಬೆರಳುಗಳ ಮೇಲಿಟ್ಟು, ತನ್ನೆರಡೂ ಕೈಯಿಂದ ಒತ್ತಿ ಹಿಡಿದಳು. ಹೊರಗೆ ವ್ಯಾನಿನವನು ಹಾರ್ನ್ ಹೊಡೆದ. ಮಾಲೀಕನ ಮೊಣಕಾಲು ಮಡಚಿ ನೆಲಕ್ಕೆ ತಾಗಿತು. ಅವಳೂ ಅವನೊಂದಿಗೆ ಕುಸಿದು ಕೂತಳು, ಕೈ ಬಿಡದೆ.