ಕುದುರೆ ಮಾರ್ಕು, ದೀಪ ಮಾರ್ಕು

"ವ್ಯಾನಿಗೆ ಮೂರು ಸಾವಿರ, ಹೂವಿಗೆ ಆರುನೂರು, ಕುರ್ಚಿ ಬಾಡಿಗೆ ನಾನೂರು." ಅಳಿಯ ಬಾಗಿಲಲ್ಲಿ ನಿಂತು ಬೆರಳು ಮಡಿಚುತ್ತಿದ್ದ. "ಮೇಲೆ ಹೊದಿಸೋದಕ್ಕೆ ಮಾತ್ರ ಖರ್ಚಿಲ್ಲ. ಅತ್ತೆ ತಾವೇ ಕೌದಿ ಹೊಲಿದಿಟ್ಟಿದಾರೆ."

"ಪೂರ್ತಿ ಹೊಲಿದಿಲ್ಲ" ಎಂದಳು ಸತ್ತವಳ ತಂಗಿ. ನೆಲದ ಮೇಲೆ ಕೂತು ಕೌದಿಯ ಅಂಚನ್ನು ಬೆರಳಲ್ಲಿ ಸವರುತ್ತ ಬಂದವಳು ನಾಲ್ಕನೆಯ ಬದಿಯಲ್ಲಿ ತಡೆದು ನಿಂತಿದ್ದಳು. ಅಲ್ಲಿ ಬಟ್ಟೆಯ ಪದರಗಳು ಪುಸ್ತಕದ ಹಾಳೆಗಳಂತೆ ಬಾಯಿ ಬಿಟ್ಟಿದ್ದವು.

ಬೀದಿಯ ತುದಿಯ ಇಸ್ತ್ರಿಯವನು ಇಣುಕಿ ನೋಡಿದ. "ಕೌದಿಯಕ್ಕ ಜೀವಮಾನದಲ್ಲೇ ಮೊದಲ ಸಲ ಹೇಳಿದ ದಿನಕ್ಕೆ ಕೆಲಸ ಮುಗಿಸಿಲ್ಲ ನೋಡಿ."

ಅಳು ತಡೆದುಕೊಂಡಿದ್ದ ಮಗಳಿಗೂ ನಗು ಬಂತು. ಮತ್ತೆ ಮುಖ ಒರೆಸಿಕೊಂಡು ಕೇಳಿದಳು: "ವ್ಯಾನು ಹನ್ನೊಂದಕ್ಕೆ ಬರುತ್ತೆ. ಏನ್ ಮಾಡೋದು ಚಿಕ್ಕಮ್ಮ?"

ತಂಗಿ ಗಡಿಯಾರ ನೋಡಿದಳು. ಹತ್ತಾಗಿತ್ತು. ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವಳಿಗೆ ಒಂದು ಬದಿ ಯಾವ ಲೆಕ್ಕ? ಆದರೆ ಹೊಲಿಯಬೇಕಾದದ್ದು ಕಿಟಕಿಯ ಪಕ್ಕ ಹೂವಿನ ಬಟ್ಟೆ ಹೊದ್ದು ಕೂತಿದ್ದ ಆ ಬಿಳಿ ದೀಪ ಮಾರ್ಕಿನ ಮಿಷನ್ನಿನಲ್ಲಿ. ಹನ್ನೊಂದು ವರ್ಷ ಅಕ್ಕ ತಂಗಿಯರ ನಡುವೆ ಇದ್ದದ್ದು ಅದೇ.

*

ಹನ್ನೊಂದು ವರ್ಷದ ಹಿಂದೆ ಆ ದಿನ ಮಿಷನ್ನಿನ ಅಂಗಡಿಯವನು ಎರಡನ್ನೂ ಅಕ್ಕಪಕ್ಕ ಇಟ್ಟಿದ್ದ. ಕಾಲಲ್ಲಿ ತುಳಿಯುವ ಕರೀ ಕಬ್ಬಿಣದ ಕುದುರೆ ಮಾರ್ಕಿಗೆ ಏಳು ಸಾವಿರ. ಕಾಲಿನ ಹೆಬ್ಬೆರಳಿಟ್ಟರೆ ಸಾಕು, ಓಡುವ ಕರೆಂಟಿನ ದೀಪ ಮಾರ್ಕಿಗೆ ಒಂಬತ್ತು. ಗರಿಗರಿಯಾದ ಬಟ್ಟೆಯೊಂದನ್ನು ಮಡಿಚಿ ಬಿಳಿಯದರಲ್ಲಿ ಸರ್ರನೆ ಓಡಿಸಿ ತೋರಿಸಿದ.

"ಗಂಜಿ ಹಾಕಿದ ಬಟ್ಟೆ ಮೇಲೆ ಯಾವ ಮಿಷನ್ನಾದ್ರೂ ಚೆನ್ನಾಗಿ ಹೊಲಿಯುತ್ತೆ ಕಣಪ್ಪ" ಎಂದು ತಂಗಿ ಚೀಲದಿಂದ ಒಂದು ಗೇಣು ಕೌದಿಯ ತುಂಡು ತೆಗೆದಳು. "ಇದನ್ನ ಹೊಲಿದು ತೋರಿಸು. ಐದು ಪದರ ಇದೆ."

ಅಕ್ಕ ಅದನ್ನು ಕಸಿದು ತನ್ನ ಚೀಲಕ್ಕೆ ತುರುಕಿದಳು. "ಚಿಂದಿ ತೆಗೀಬೇಡ, ಮಾನ ಹೋಗುತ್ತೆ."

"ಮಾನ ಹೋದ್ರೆ ಹೋಗ್ಲಿ, ದುಡ್ಡು ಉಳಿಯುತ್ತೆ. ಅಕ್ಕ, ಕುದುರೆ ತಗೋ. ಇದು ಕೌದಿ ಹೊಲಿಯೋದಲ್ಲ, ಕರ್ಚೀಫು ಹೊಲಿಯೋದು."

"ಕುದುರೆಗೆ ಮೋಟರು ಹಾಕಿಸಬಹುದು ಮೇಡಂ" ಎಂದ ಅಂಗಡಿಯವನು. "ಹದಿನಾಲ್ಕು ನೂರು ಜಾಸ್ತಿ."

"ದಂಡ! ಕಬ್ಬಿಣದಂಥಾ ಕಾಲು ನಮ್ಮಕ್ಕಂದು. ಮೋಟರು ಯಾಕೆ?"

ಅಕ್ಕ ನಾಳೆ ಹೇಳ್ತೀನಿ ಎಂದು ಎದ್ದಳು. ಮಾರನೆಯ ದಿನ ಒಬ್ಬಳೇ ಹೋಗಿ ದೀಪ ಮಾರ್ಕನ್ನೇ ತಂದಳು ಎಂದು ತಂಗಿಗೆ ಗೊತ್ತಾದದ್ದು ಬೇರೆಯವರ ಬಾಯಿಂದ. "ಆರು ತಿಂಗಳಲ್ಲಿ ಅಳ್ತಾ ಬರ್ತಾಳೆ" ಎಂದು ತನ್ನ ಹೊಲಿಗೆ ಅಂಗಡಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಅಕ್ಕನ ಕಿವಿಗೂ ಅದು ಬಿತ್ತು. ಅಕ್ಕ ಬರಲಿಲ್ಲ. ಮಗಳ ಮದುವೆಯಲ್ಲಿ "ಊಟ ಆಯ್ತಾ?", "ಆಯ್ತು" ಅಷ್ಟೇ ಅವರ ಮಾತು.

*

ತಂಗಿ ಮಿಷನ್ನಿನ ಮುಂದೆ ಕೂತು ಕೌದಿಯನ್ನು ಸೂಜಿಯ ಕೆಳಗೆ ತಳ್ಳಿದಳು. ತೆಳ್ಳಗಿದ್ದಲ್ಲಿ ನೀರಿನ ಹಾಗೆ ಓಡಿತು. ತೇಪೆಗಳು ಕೂಡುವ ದಪ್ಪ ಜಾಗ ಬಂದದ್ದೇ ಮಿಷನ್ನು ಏದುಸಿರು ಬಿಟ್ಟು ಮೂರು ಹೊಲಿಗೆ ನುಂಗಿತು.

"ನಾನು ಹೇಳಿರ್ಲಿಲ್ವಾ!" ಮಾತು ತಾನಾಗಿ ಹೊರಬಿತ್ತು. ಒಳಗಿದ್ದ ನಾಲ್ಕು ಜನ ತಿರುಗಿ ನೋಡಿದರು.

ಹಾಗಾದರೆ ಉಳಿದ ಮೂರು ಬದಿ? ಕೌದಿಯನ್ನು ತಿರುಗಿಸಿ ಕಣ್ಣಿಗೆ ಹಿಡಿದಳು. ದಪ್ಪ ಜಾಗದಲ್ಲೆಲ್ಲ ಮಿಷನ್ನು ಬಿಟ್ಟದ್ದನ್ನು ಅಕ್ಕ ಅದೇ ಬಣ್ಣದ ದಾರದಲ್ಲಿ ಕೈಯಿಂದ ತುಂಬಿದ್ದಳು. ಬೇರೆಯವರ ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆ. ಹನ್ನೊಂದು ವರ್ಷ, ಒಂದೊಂದು ಕೌದಿಗೂ.

"ಸೂಜಿ ಕೊಡು" ಎಂದಳು ತಂಗಿ.

ಮಗಳು ತಂದ ಸೂಜಿ ಡಬ್ಬಿಯ ತಳದಲ್ಲಿ ಆ ಗೇಣು ತುಂಡಿತ್ತು. ಅದರ ಮೇಲೆ ಎರಡು ಸಾಲು ಹೊಲಿಗೆ, ಒಂದು ಕೆಂಪು, ಒಂದು ಬಿಳಿ.

"ಕೆಂಪು ಕುದುರೆದು, ಬಿಳಿ ಇದರದು" ಎಂದಳು ಮಗಳು. "ಮಾರನೇ ದಿನ ಅಮ್ಮ ಎರಡರಲ್ಲೂ ಹೊಲಿಸಿ ನೋಡಿದ್ಲು. ನಾನೂ ಜೊತೇಲಿದ್ದೆ."

"ಗೊತ್ತಿದ್ದೂ ಇದನ್ನ ತಗೊಂಡ್ಲಾ?"

"ಮಂಡಿ, ಚಿಕ್ಕಮ್ಮ. ಆಗ್ಲೇ ಹೋಗಿತ್ತು. ಅಂಗಡೀಲಿ ಕುದುರೆನ ಹತ್ತು ಸಲ ತುಳಿದು ಹಾಗೇ ಕೂತುಬಿಟ್ಲು. ನಿಮಗೆ ಹೇಳ್ಬೇಡ ಅಂದ್ಲು. ಗೊತ್ತಾದ್ರೆ ಹೊಲಿಗೆ ಕೆಲಸ ಬಿಡಿಸಿ ನಿಮ್ಮನೆಗೆ ಕರ್ಕೊಂಡು ಹೋಗ್ತೀರಂತೆ."

"ಕರ್ಕೊಂಡೇ ಹೋಗ್ತಿದ್ದೆ!"

"ಅದಕ್ಕೇ."

"ಮೋಟರು ಹಾಕಿಸಬಹುದಿತ್ತಲ್ಲ..." ಎಂದು ಶುರು ಮಾಡಿದವಳು ಅಲ್ಲೇ ನಿಲ್ಲಿಸಿದಳು. ಏಳು ಸಾವಿರ, ಮೇಲೆ ಹದಿನಾಲ್ಕು ನೂರು. ಈ ಬಿಳಿಯದಕ್ಕಿಂತ ಆರುನೂರು ಕಡಿಮೆಯೇ. ದಂಡ ಅಂದವರು ಯಾರು?

ಬಗ್ಗಿ ಹೊಲಿಯತೊಡಗಿದಳು. ತೆಳ್ಳಗಿದ್ದಲ್ಲಿ ಮಿಷನ್ನು, ದಪ್ಪಗಿದ್ದಲ್ಲಿ ಕೈ. ಹೊರಗೆ ವ್ಯಾನಿನ ಹಾರನ್ನು ಎರಡು ಸಲ ಕೂಗಿತು. "ಡ್ರೈವರ್ ಅವಸರ ಮಾಡ್ತಿದಾನೆ" ಎಂದ ಅಳಿಯ.

"ನಮ್ಮಕ್ಕನಿಗೆ ಅವಸರ ಇಲ್ಲ, ಅವನಿಗೇನು? ಕಾಯಲಿ."

ಹನ್ನೊಂದೂ ಕಾಲಿಗೆ ಕೊನೆಯ ಗಂಟು ಹಾಕಿ ದಾರವನ್ನು ಹಲ್ಲಲ್ಲಿ ಕಡಿದಳು. ತಾನೇ ಕೌದಿ ಹೊದಿಸಿದಳು. ಹೊಸದಾಗಿ ಹೊಲಿದ ಬದಿಯನ್ನು ಅಕ್ಕನ ಕಾಲ ಕಡೆಗಿಟ್ಟು, ಮಂಡಿಯ ಮೇಲೆ ಸುಕ್ಕು ನೀವಿದಳು.

ನಾಲ್ಕು ಜನ ಹೊತ್ತು ನಡೆದರು. ಮಗಳು ಹಿಂದಿನಿಂದ, "ಮಿಷನ್ನು ನೀವೇ ಇಟ್ಕೊಳ್ಳಿ ಚಿಕ್ಕಮ್ಮ" ಎಂದಳು.

"ಬೇಡ. ಆ ತುಂಡು ಕೊಡು, ಸಾಕು."

ವ್ಯಾನಿನಲ್ಲಿ ತಂಗಿ ಅಕ್ಕನ ಪಕ್ಕ ಕೂತಳು. ಮಿಷನ್ನಿನ ವಿಷಯದಲ್ಲಿ ತನ್ನ ಮಾತೇ ಸರಿಯಾಗಿತ್ತು, ಹನ್ನೊಂದು ವರ್ಷ ಹೋಗಿತ್ತು. ಉಳಿದದ್ದು ಮಡಿಲಲ್ಲಿದ್ದ ಒಂದು ಗೇಣು ಬಟ್ಟೆ. ಅದರಲ್ಲಿ ಕೆಂಪು ಸಾಲು ನೇರವಾಗಿತ್ತು. ಬಿಳಿ ಸಾಲು ಮೂರು ಕಡೆ ಬಿಟ್ಟುಹೋಗಿತ್ತು. ಆ ಮೂರನ್ನು ಮಾತ್ರ ಅಕ್ಕ ತುಂಬಿರಲಿಲ್ಲ.