ಮೂರು ಮೀಟರ್ ಹೊಟ್ಟೆಕಿಚ್ಚು

ರಸ್ತೆ ವಿಭಾಗದ ಆಫೀಸಿನಲ್ಲಿ ಎಲ್ಲರೂ ಅವನನ್ನು ಟೇಪಣ್ಣ ಎನ್ನುತ್ತಿದ್ದರು. ಯಾವ ಬೀದಿಯವರು ಹಂಪ್ ಬೇಕೆಂದು ಅರ್ಜಿ ಕೊಟ್ಟರೂ ಹೋಗಿ ಅಳೆದು ಹೂಂ ಅನ್ನುವವನೂ ಅವನೇ, ಊಹೂಂ ಅನ್ನುವವನೂ ಅವನೇ. ಆದರೆ ಆವತ್ತು ಬೆಳಿಗ್ಗೆ ಬಂದ ಅರ್ಜಿಯ ಕೆಳಗೆ ಅಮ್ಮನ ಸೊಟ್ಟ ಸಹಿ ಕಂಡು ಅವನ ಬಾಯಿಂದ ಎರಡೂ ಹೊರಡಲಿಲ್ಲ. ಹಂಪ್ ಬೇಕಾಗಿದ್ದುದು ತಮ್ಮನ ಮನೆಯ ಮುಂದೆ.

ಅಮ್ಮ ಇಷ್ಟು ವರ್ಷದಲ್ಲಿ ಅವನ ಹತ್ತಿರ ಏನನ್ನೂ ಕೇಳಿದವಳಲ್ಲ. ಕೇಳಿದ್ದು ಒಂದೇ ಒಂದು, ಅದೂ ತಮ್ಮನಿಗಾಗಿ. ಟೇಪಣ್ಣನಿಗೆ ಮೈಯೆಲ್ಲ ಉರಿದುಹೋಯಿತು.

ಆರು ವರ್ಷದ ಕೆಳಗೆ ಅಮ್ಮ ಅವನ ಮನೆ ಬಿಟ್ಟು ತಮ್ಮನ ಮನೆ ಸೇರಿದ್ದಳು. ಅವಳಿಗೆ ಮಂಡಿನೋವು, ಟೇಪಣ್ಣನ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ತಮ್ಮ ದರ್ಜಿ. ಅವನ ಮನೆ ರಸ್ತೆಯ ಮಟ್ಟಕ್ಕೇ ಇತ್ತು, ಮುಂದಿನ ಕೋಣೆಯೇ ಅಂಗಡಿ. ಕಾರಣ ಇಷ್ಟೇ ಎಂದು ನೆಂಟರಿಗೆಲ್ಲ ಗೊತ್ತಿತ್ತು, ಟೇಪಣ್ಣನಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆಕಿಚ್ಚು ಆರುತ್ತದೆಯೇ? ದಿನಾ ಆಫೀಸಿಗೆ ಹೋಗುವ ದಾರಿ ಅದೇ ಬೀದಿ. ತಮ್ಮನ ಮನೆ ಹತ್ತಿರವಾದ ಕೂಡಲೇ ಕತ್ತು ನೆಟ್ಟಗೆ ಮಾಡಿಕೊಂಡು ಸ್ಕೂಟರನ್ನು ಇನ್ನಷ್ಟು ಜೋರು ಮಾಡುತ್ತಿದ್ದ.

ಹನ್ನೊಂದು ಗಂಟೆಗೆ ಅಳತೆಪುಸ್ತಕ, ಟೇಪು ಹಿಡಿದು ಅಲ್ಲಿಗೆ ಹೋದ. ಕಾಲರಿಗೆ ಗುಂಡುಪಿನ್ನು ಚುಚ್ಚಿಕೊಂಡಿದ್ದ ತಮ್ಮ ಹೊರಗೆ ಬಂದ.

"ಬಾ ಅಣ್ಣ. ಒಳಗೆ ಕೂತ್ಕೋ."

"ಕೂರಕ್ಕೆ ಬಂದಿಲ್ಲ. ಆಫೀಸಿನ ಕೆಲಸದ ಮೇಲೆ ಬಂದಿದೀನಿ."

ಟೇಪಿನ ಇನ್ನೊಂದು ತುದಿ ಹಿಡಿಯುವ ನೌಕರ ಅಂದು ರಜೆ ಹಾಕಿದ್ದ. ಕಿಟಕಿಯ ಪಕ್ಕ ಕುಳಿತಿದ್ದ ಅಮ್ಮನೇ ದಾರಿ ತೋರಿಸಿದಳು. "ನಿನ್ ತಮ್ಮನ ಕೈಗೆ ಕೊಡೋ. ಅವನ ಅಳತೆ ಒಂದು ನೂಲೂ ಆಚೀಚೆ ಆಗಲ್ಲ."

ಇಪ್ಪತ್ತೆರಡು ವರ್ಷದಿಂದ ಊರಿಗೆ ಊರನ್ನೇ ಅಳೆದವನ ಮುಂದೆ ಆಡುವ ಮಾತೇ ಇದು? ಟೇಪಣ್ಣ ಹಲ್ಲು ಕಚ್ಚಿಕೊಂಡು ತುದಿಯನ್ನು ತಮ್ಮನ ಕೈಗೆ ಕೊಟ್ಟ.

ನಿಯಮಗಳು ಒಂದೆರಡಲ್ಲ. ಯಾವುದಾದರೂ ಒಂದು ಅಡ್ಡ ಬರಲಿ ಎಂದು ಟೇಪಣ್ಣ ಒಳಗೊಳಗೇ ಹಾರೈಸುತ್ತಿದ್ದ. ಬಸ್ಸು ಓಡಾಡುವ ರಸ್ತೆಯಾದರೆ ಹಂಪ್ ಇಲ್ಲ. ಆ ಬೀದಿಗೆ ಬಸ್ಸೇ ಬರುತ್ತಿರಲಿಲ್ಲ. ನಲವತ್ತು ಮೀಟರ್ ಮೊದಲೇ ಎಚ್ಚರಿಕೆಯ ಫಲಕ ನಿಲ್ಲಿಸಲು ಜಾಗ ಬೇಕು, ಬೇಕಾದಷ್ಟಿತ್ತು. ಮಳೆನೀರು ಹಂಪ್‌ಗೆ ತಡೆದು ನಿಲ್ಲಬಾರದು. ಎರಡೂ ಬದಿಗೆ ಚರಂಡಿ ಬಾಯಿ ತೆರೆದುಕೊಂಡಿತ್ತು. ಉಳಿದದ್ದು ಬೀದಿಯ ಕೊನೆಯ ತಿರುವು. ತಿರುವು ಮುಗಿದ ಕಡೆಯಿಂದ ಇಪ್ಪತ್ತೈದು ಮೀಟರ್ ಒಳಗೆ ಹಂಪ್ ಹಾಕುವಂತಿಲ್ಲ, ತಿರುಗಿ ಬಂದವನಿಗೆ ಅದು ಕಾಣುವಷ್ಟು ಹೊತ್ತು ಸಿಗಬೇಕು.

ರಸ್ತೆಯಂಚಿನ ಕಲ್ಲುಸಾಲು ನೆಟ್ಟಗಾಗುವ ಜಾಗ ನೋಡಿ ತಮ್ಮ ಕುಕ್ಕರುಗಾಲಲ್ಲಿ ಕುಳಿತು ತುದಿ ಒತ್ತಿಹಿಡಿದ. ಮನೆಯ ಮುಂದೆ ನಿಂತ ಟೇಪಣ್ಣನ ಕೈಯಲ್ಲಿ ಟೇಪು ಇಪ್ಪತ್ತೇಳು ಮೀಟರ್ ತೋರಿಸಿತು.

"ಇನ್ನೂ ಈ ಕಡೆ ಬಾ," ಎಂದ ಟೇಪಣ್ಣ.

"ಇಲ್ಲಿಗೇ ತಿರುವು ಮುಗೀತಲ್ಲ ಅಣ್ಣ."

"ನಂಗೇ ಹೇಳಿಕೊಡ್ತೀಯಾ? ಬಾ ಅಂದ್ರೆ ಬಾ."

ತಮ್ಮ ಮೂರು ಮೀಟರ್ ಮುಂದೆ ಬಂದು ಕುಳಿತ. ಇಪ್ಪತ್ತನಾಲ್ಕು. ಟೇಪಣ್ಣ ಪುಸ್ತಕದಲ್ಲಿ ಅದನ್ನೇ ಬರೆದು, 'ಅವಕಾಶವಿಲ್ಲ' ಎಂದು ಸೇರಿಸಿ ಸಹಿ ಹಾಕಿದ. ತುದಿ ಹಿಡಿದವನೂ ಸಹಿ ಹಾಕಬೇಕು. ತಮ್ಮ ಹಾಕಿ ಅಂಗಡಿಗೆ ಹೋದ. ಆರು ವರ್ಷದಲ್ಲಿ ಟೇಪಣ್ಣನ ಹೊಟ್ಟೆ ಅಷ್ಟು ತಣ್ಣಗಾಗಿದ್ದೇ ಇಲ್ಲ.

ಸುದ್ದಿ ಮುಟ್ಟಿಸಲು ಕಿಟಕಿಯ ಹತ್ತಿರ ಹೋದ. "ಹಂಪ್ ಆಗಲ್ಲಮ್ಮ. ತಿರುವು ಹತ್ರ ಇದೆ. ರೂಲ್ಸು."

"ಹೋಗ್ಲಿ ಬಿಡು," ಎಂದಳು ಅಮ್ಮ. "ನಿನ್ ಮುಖ ನೋಡಬಹುದಿತ್ತು ಅಂತ, ಅಷ್ಟೇ."

"ನನ್ ಮುಖನಾ?"

"ದಿನಾ ಒಂಬತ್ತೂವರೆಗೆ ಇಲ್ಲೇ ಕೂತಿರ್ತೀನಿ. ನಿನ್ ಗಾಡಿ ಭರ್ ಅಂತ ಹೋಗ್ಬಿಡತ್ತೆ. ಹೆಲ್ಮೆಟ್ ಒಂದು ಕಾಣತ್ತೆ. ಹಂಪ್ ಇದ್ರೆ ಒಂದ್ ಗಳಿಗೆಯಾದ್ರೂ ನಿಧಾನ ಆಗ್ತೀಯಲ್ಲ."

ಟೇಪಣ್ಣ ಕಿಟಕಿಗೆ ಇನ್ನಷ್ಟು ಹತ್ತಿರ ಬಂದ. ಅಮ್ಮ ಕಿಟಕಿಯ ಪಕ್ಕ ಕೂತಿದ್ದುದು ತನಗಾಗಿ. ಹಂಪ್ ಕೇಳಿದ್ದೂ ತನಗಾಗಿ. ತಮ್ಮನಿಗೆ ಇಲ್ಲದ್ದು ಒಂದಾದರೂ ತನ್ನ ಪಾಲಿಗೆ ಇದೆಯಲ್ಲ ಎಂದು ಜೀವ ಹಿಗ್ಗಿತು. ಅದನ್ನು ಅವಳ ಬಾಯಿಂದಲೇ ಇನ್ನೊಮ್ಮೆ ಕೇಳುವ ಆಸೆಯಾಯಿತು.

"ಇದೆಲ್ಲಾ ನಿನಗೇ ಹೊಳೀತಾ ಅಮ್ಮ?"

"ನಂಗೆಲ್ಲಿ ಹೊಳೀಬೇಕು? ನಿನ್ ತಮ್ಮ ಹೇಳ್ದ. ಹಂಪ್ ಹಾಕಿಸಿದ್ರೆ ಅಣ್ಣ ದಿನಾ ಸಿಕ್ತಾನೆ ಅಂತ ಅರ್ಜೀನೂ ಅವನೇ ಬರೆದ."

ಹಿಗ್ಗಿದ ಜೀವ ಅಲ್ಲೇ ಕುಗ್ಗಿತು. ಇದೂ ಅವನದೇ.

ಟೇಪಣ್ಣ ಪುಸ್ತಕ ತೆರೆದು ಇಪ್ಪತ್ತನಾಲ್ಕರ ಮೇಲೆ ಗೀಟು ಎಳೆದ. ಮೇಲೆ ಇಪ್ಪತ್ತೇಳು ಬರೆದ, 'ಅವಕಾಶವಿದೆ' ಎಂದು ತಿದ್ದಿದ, ಸಹಿ ಹಾಕಿದ. ಅಳತೆಪುಸ್ತಕದ ತಿದ್ದುಪಡಿಗೂ ತುದಿ ಹಿಡಿದವನ ಸಹಿ ಬೀಳಲೇಬೇಕು, ಇಲ್ಲದಿದ್ದರೆ ಆಫೀಸಿನಲ್ಲಿ ನಡೆಯುವುದಿಲ್ಲ. ಬೇರೆ ದಾರಿಯಿಲ್ಲದೆ ಅಂಗಡಿಯೊಳಗೆ ಹೋಗಿ ಹೊಲಿಗೆ ಮೆಷಿನ್ನಿನ ಮೇಲೆ ಪುಸ್ತಕ ಇಟ್ಟ.

"ಅದು... ಕಲ್ಲು ಸರಿಯಾಗಿ ನೋಡಿರ್ಲಿಲ್ಲ," ಎಂದ, ಗೋಡೆ ನೋಡುತ್ತಾ.

ತಮ್ಮ ಗೀಟನ್ನು ನೋಡಿದ, ಅಣ್ಣನ ಮುಖ ನೋಡಲಿಲ್ಲ. ಸಹಿ ಹಾಕಿ ಪುಸ್ತಕ ಮಡಚಿ ಕೊಟ್ಟ. "ಇರ್ಲಿ ಬಿಡಣ್ಣ. ಬಟ್ಟೆ ಅಳೆಯೋವಾಗ ನಂಗೂ ಹಿಂಗೇ ಆಗತ್ತೆ."

ಅವನಿಗೆ ಹಾಗೆ ಒಂದು ದಿನವೂ ಆದದ್ದಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ತಮ್ಮ ಒಂದು ಮಾತು ಎತ್ತಿ ಆಡಿದ್ದರೂ ಟೇಪಣ್ಣ ನಾಲ್ಕು ಮಾತು ಆಡಿ ಹೊರಟುಬಿಡುತ್ತಿದ್ದ. ಈಗ ಅದಕ್ಕೂ ದಾರಿಯಿರಲಿಲ್ಲ. ಅಮ್ಮನ ಜಾಗದಲ್ಲಿ ತಾನಿದ್ದಿದ್ದರೂ ಇವನ ಮನೆಯನ್ನೇ ಆರಿಸಿಕೊಳ್ಳುತ್ತಿದ್ದೆ ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಹೊಟ್ಟೆ ಎಂದಿಗಿಂತ ಜಾಸ್ತಿ ಉರಿಯಿತು.